ಪದಚರ್ಚೆ: ಬೆಟ್ಟದ ಜೇಕು ಮತ್ತು ಅದರ ‘ಸಂಚಿ’

ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ ಬೆಳೆಯುವ ಕ್ಯಾರೆಕ್ಸ್ ಬ್ಯಾಕನ್ಸ್ ಎಂಬ ಸಸ್ಯದ ವಿವರಣೆಯನ್ನು ಕನ್ನಡದಲ್ಲಿ ಬರೆಯುವಾಗ ಎದುರಾದ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಜೇಕು’. ರೈತರ ಮಾತಿನಲ್ಲಿ ಜೇಕು ಎಂದರೆ ಬಹುಮಟ್ಟಿಗೆ ಹೊಲಗದ್ದೆಗಳ ಸೈಪರಸ್ ಕಳೆ. ಅದರಲ್ಲಿ ಗೆಡ್ಡೆ ಬಿಡುವುದನ್ನು ಕೊನ್ನಾರಿ, ತುಂಗೆ ಎಂದೂ ಕರೆಯುತ್ತಾರೆ. ಕ್ಯಾರೆಕ್ಸ್ ಕೂಡ ಅದೇ ಸೈಪರೇಸೀ ಕುಟುಂಬಕ್ಕೆ ಸೇರಿದ್ದು. ಅದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ಕೈಗೆ ಸಿಗುತ್ತವೆ, ಎಲೆಗಳು ಮೂರು ಸಾಲಿನಲ್ಲಿರುತ್ತವೆ, ಎಲೆಯ ಒರೆ ದಂಟಿನ ಸುತ್ತ ಸೀಳಿಲ್ಲದೆ ಮುಚ್ಚಿಕೊಂಡಿರುತ್ತದೆ. ಹುಲ್ಲಿನಲ್ಲಿ ಎಲೆಗಳಿಗೆ ಎರಡೇ ಸಾಲು, ಒರೆ ಸಾಮಾನ್ಯವಾಗಿ ಸೀಳಿರುತ್ತದೆ. ಆದ್ದರಿಂದ ಇದನ್ನು ‘ಬೆಟ್ಟದ ಹುಲ್ಲು’ ಎಂದು ಬರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಜೇಕು ಎಂಬುದನ್ನು ಇಡೀ ಕುಟುಂಬಕ್ಕೆ ಹಿಗ್ಗಿಸಬಹುದೇ? (‘ಜಾತಿ’ಯನ್ನು ಕೆಲವರು ಕುಲಕ್ಕೂ ಕೆಲವರು ಪ್ರಭೇದಕ್ಕೂ ಬಳಸುವುದರಿಂದ ಇಲ್ಲಿ ಆ ಪದವನ್ನು ಬಿಟ್ಟಿದ್ದೇನೆ.)

ಎರಡನೆಯದು, ಕ್ಯಾರೆಕ್ಸ್‌ನ ಕಾಳನ್ನು ಮುಚ್ಚಿಕೊಂಡಿರುವ ಅಂಗಕ್ಕೆ ಇಡಬೇಕಾದ ಹೆಸರು. ಇದೇ ನಿಜವಾದ ತೊಡಕು. ಕ್ಯಾರೆಕ್ಸ್ ಕುಲದಲ್ಲಿ ಹೆಣ್ಣು ಹೂವಿನ ಬುಡದ ಪುಟ್ಟ ಎಲೆಯೊಂದರ ಅಂಚುಗಳು ಕೂಡಿಕೊಂಡು ಕಾಳನ್ನು ಸುತ್ತುವರಿಯುತ್ತವೆ. ತುದಿಯ ಕಿರಿದಾದ ಬಾಯಿಯಿಂದ ಶಲಾಕಾಗ್ರಗಳು (ಹೆಣ್ಣು ಹೂವಿನ ಪರಾಗ ಹಿಡಿಯುವ ತುದಿಗಳು) ಮಾತ್ರ ಹೊರಚಾಚುತ್ತವೆ. ಸುಮಾರು 2000 ಪ್ರಭೇದಗಳಿರುವ ಈ ಕುಲದಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಈ ಅಂಗದ ಕೊಕ್ಕು, ನರ, ರೋಮಗಳನ್ನೇ ಮುಖ್ಯವಾಗಿ ನೋಡಬೇಕಾಗುವುದರಿಂದ, ಬಲಿತ ಕಾಯಿಲ್ಲದ ಮಾದರಿಯನ್ನು ತಂದರೆ ಗುರುತಿಸುವುದು ಬಹಳ ಕಷ್ಟ. ಬ್ಯಾಕನ್ಸ್‌ನಲ್ಲಿ ಅದು ಬಲಿತಾಗ ಕೆಂಪಾಗಿ, ಹೊಳೆಯುವ ಪುಟ್ಟ ಹಣ್ಣಿನಂತೆ ಕಾಣುತ್ತದೆ. ಲ್ಯಾಟಿನ್ ಹೆಸರು ಹೇಳುವುದೂ ಇದನ್ನೇ. ‘ಕೋಶ’ ಎಂದರೆ ಜೀವಕೋಶವೆಂಬ ಅರ್ಥ ಅಡ್ಡಬರುತ್ತದೆ, ‘ಚೀಲ’ ತೀರ ಸಡಿಲ. ಹಿರಿಯರ ಎಲೆಅಡಿಕೆ ಸಂಚಿಯಂತೆ ಬಾಯಿ ಬಿಗಿದುಕೊಂಡಿರುವ ಕಾರಣ ‘ಸಂಚಿ’ ಎಂಬುದೇ ನನಗೆ ಒಪ್ಪಿಗೆಯಾಗಿದೆ. ಈ ಕುಲ ಬಯಲಿನ ಜೌಗಿನಲ್ಲೂ ಇರುವುದರಿಂದ ಕುಲಕ್ಕೆ ‘ಬೆಟ್ಟಜೇಕು’ ಎನ್ನುವುದಕ್ಕಿಂತ ‘ಸಂಚಿಜೇಕು’ ಎನ್ನುವುದು ಮೇಲು.

ಆದರೆ ಹಿಮಾಲಯದ ಎತ್ತರದ ಗೋಮಾಳಗಳಲ್ಲಿ ಚಾಪೆಯಂತೆ ಹಬ್ಬುವ ಕೊಬ್ರೀಸಿಯ ಎಂಬ ಬೇರೆ ಕುಲವನ್ನು 2015ರಲ್ಲಿ ಕ್ಯಾರೆಕ್ಸ್ ಕುಲದೊಳಕ್ಕೆ ಸೇರಿಸಲಾಗಿದೆ. ಅದರ ಹಲವು ಪ್ರಭೇದಗಳಲ್ಲಿ ಇದೇ ಅಂಗದ ಅಂಚುಗಳು ಪೂರ್ತಿ ಕೂಡದೆ ಒಂದು ಬದಿ ತೆರೆದಿರುತ್ತವೆ. ಅದನ್ನು ‘ತೆರೆದ ಸಂಚಿ’ ಎಂದರೆ ಓದುಗರಿಗೆ ಹಿಡಿಸೀತೇ, ಅಥವಾ ಆಕಾರವನ್ನು ಬಿಟ್ಟು ‘ಕಾಳೊರೆ’ಯಂತಹ ಪದವನ್ನು ಹುಡುಕಬೇಕೇ?

ನೀಲಗಿರಿಯ ಬಡಗ ಮಾತಿನಲ್ಲಾಗಲಿ, ಕೊಡಗು ಅಥವಾ ಮಲೆನಾಡಿನ ಆಡುಮಾತಿನಲ್ಲಾಗಲಿ ಈ ಕೆಂಪು ತೆನೆಯ ಗಿಡಕ್ಕೆ ಹೆಸರಿದ್ದರೆ, ಅದನ್ನು ಕೇಳಿದ ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಬೇಕು.