ಸಹಾಯ ಬೇಕು: ಡಿಸ್ಲೆಕ್ಸಿಯಾ ಇರುವ ತಮ್ಮನಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ತುಮಕೂರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ಅವನಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಓದು-ಬರಹ ಕಷ್ಟವಾಗುವ ಒಂದು ಕಲಿಕಾ ನ್ಯೂನತೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುತ್ತಾನೆ. ಆದರೂ 69 ಇರುವುದನ್ನು ಲೆಡ್ಜರಿಗೆ 96 ಅಂತ ಇಳಿಸುತ್ತಾನೆ. ಬಾಯಲ್ಲಿ ಕೇಳಿದರೆ ಪೂರ್ತಿ ಉತ್ತರ ಹೇಳುತ್ತಾನೆ, ಬರೆಯುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಕಾಲೇಜಲ್ಲಿ ಮಾತ್ರ "ಚೆನ್ನಾಗೇ ಇದ್ದಾನಲ್ಲ, ಸುಮ್ನೆ ಸೋಮಾರಿತನ" ಅಂತಾರೆ. ಕೇಳಿ ಕೇಳಿ ಹುಡುಗ ಕುಗ್ಗಿಹೋಗಿದ್ದಾನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ನ್ಯೂನತೆ ಶೇ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಇದ್ದು ಬರೆಯಲು ಕಷ್ಟವಾದರೆ, ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚು ಸಿಗಬೇಕು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ! ಅವನಿಗೆ ಅಷ್ಟು ಸಾಕು. ಶೇ 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ, ಬರೆಯಲು ಕಷ್ಟವಿರುವವರಿಗೆ ಹೇಳಿದ ಉತ್ತರ ಬರೆದುಕೊಡುವ ಬರಹಗಾರರ ನೆರವು ತಪ್ಪಿಸಬಾರದು ಅಂತ 2021ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಇಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಪಡೆದವರು ಇದ್ದೀರಾ? ಮೊದಲು ಯಾವ ವಿಭಾಗಕ್ಕೆ ಹೋಗಬೇಕು? ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ? ಪ್ರಿನ್ಸಿಪಾಲರಿಗೆ ಕೊಟ್ಟ ಅರ್ಜಿಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.

ಇನ್ನೊಂದು ಮಾತು. ಕಾಸ್ಟ್ ಅಕೌಂಟಿಂಗ್ ಪಾಠಗಳನ್ನು ಜೋರಾಗಿ ಓದಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಡುವವರು ಸಿಕ್ಕರೆ ತುಂಬಾ ಉಪಕಾರ. ಅವನು ಕೇಳಿ ಬೇಗ ಕಲಿಯುತ್ತಾನೆ. ಪುಸ್ತಕ ನಾನೇ ತಂದುಕೊಡುತ್ತೇನೆ, ಎಸ್.ಎಸ್. ಪುರಂ ಸುತ್ತಮುತ್ತ ಇದ್ದರೆ ಇನ್ನೂ ಸುಲಭ. ಇನ್‌ಬಾಕ್ಸ್ ಮಾಡಿ.