ಪದಚರ್ಚೆ: ಹುಲ್ಲು ಕತ್ತರಿಸುವ ಗಾಡಿಯ ‘ಬೈಪಾಸ್ ವಾಲ್ವ್’ – ಶುಕ್ರವಾರದೊಳಗೆ ಪದ ಬೇಕು

ಧಾರವಾಡದಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಒಂದು ಮೈದಾನದ ಉಸ್ತುವಾರಿ ನನ್ನದು. ಕೂತು ಓಡಿಸುವ, ಹುಲ್ಲು ಕತ್ತರಿಸುವ ದೊಡ್ಡ ಗಾಡಿ ಇದೆ. ಸ್ಟಿಯರಿಂಗ್ ಇಲ್ಲ, ಎರಡು ಲಿವರ್. ಎಡಗೈಯದು ಎಡ ಗಾಲಿಗೆ, ಬಲಗೈಯದು ಬಲ ಗಾಲಿಗೆ. ಗೇರ್ ಕೂಡ ಇಲ್ಲ. ಇಂಜಿನ್ನು ಬೆಲ್ಟ್ ಮೇಲೆ ಪಂಪ್ ತಿರುಗಿಸುತ್ತದೆ, ಪಂಪು ಎಣ್ಣೆ ಒತ್ತಿ ಗಾಲಿಯ ಮೋಟರಿಗೆ ಕಳಿಸುತ್ತದೆ. ಒಂದೊಂದು ಗಾಲಿಗೆ ಒಂದೊಂದು ಪಂಪು.

ಹೋದ ವಾರ ಜೋರು ಮಳೆ ಬಂತು. ಹುಡುಗರು ಗಾಡಿಯನ್ನು ಶೆಡ್ಡಿಗೆ ದಬ್ಬಿಕೊಂಡು ಹೋದರು. ದಬ್ಬಬೇಕಾದರೆ ಬೈಪಾಸ್ ವಾಲ್ವ್ ಸಡಿಲ ಮಾಡಬೇಕು, ಇಲ್ಲದಿದ್ದರೆ ಎಣ್ಣೆ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಮಾಡಿದರು. ಮರುದಿನ ಇಂಜಿನ್ ಚಾಲೂ ಆಯಿತು, ಬ್ಲೇಡು ತಿರುಗಿತು, ಗಾಡಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ‘ಜಗ್ಗವಲ್ದು ಸರ್’ ಅಂತ ಫೋನ್ ಬಂತು. ಎಣ್ಣೆ ಕೆಟ್ಟಿರಬೇಕು ಅಂದುಕೊಂಡು ಎಲ್ಲ ಇಳಿಸಿ ಹೊಸದು ಹಾಕಿದೆವು. ಏನೂ ಆಗಲಿಲ್ಲ. ಎರಡು ದಿನ ಆದ ಮೇಲೆ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದ. ಮೊಣಕಾಲೂರಿ ಕೂತ, ಪಂಪಿನ ಪಕ್ಕ ಮೆತ್ತಿಕೊಂಡಿದ್ದ ಒಣಹುಲ್ಲನ್ನು ಹೆಬ್ಬೆರಳಿನಿಂದ ಕೆರೆದ, ಸಡಿಲವಾಗಿಯೇ ಉಳಿದಿದ್ದ ಬೈಪಾಸ್ ವಾಲ್ವಿಗೆ ಸ್ಪ್ಯಾನರ್ ಹಾಕಿ ಎರಡೂ ಕಡೆ ಒಂದೊಂದು ಸುತ್ತು ಬಿಗಿ ಮಾಡಿದ. ಅಷ್ಟೇ. ಗಾಡಿ ಹೊರಟಿತು. ನಾವು ಎಣ್ಣೆ ಬದಲಿಸಿದಾಗ ಗಾಳಿ ಸೇರಿಕೊಂಡಿತ್ತು, ಹಾಗಾಗಿ ಗುಂಯ್ ಅನ್ನುತ್ತ ಜಗ್ಗಾಡುತ್ತಿತ್ತು. ಆ ಗಾಳಿ ತೆಗೆಯಲು ಇನ್ನೊಂದು ತಾಸು.

ಇಂಗ್ಲಿಷ್ ಕೈಪಿಡಿಯಲ್ಲಿ ಎಲ್ಲ ಬರೆದಿದೆ. ಓದುವವರು ಯಾರು? ಅದಕ್ಕೇ ಶೆಡ್ಡಿನ ಗೋಡೆಗೆ ಕನ್ನಡದಲ್ಲಿ ಬೋರ್ಡ್ ಬರೆಸುತ್ತಿದ್ದೇನೆ. ಪೇಂಟರ್ ಶುಕ್ರವಾರ ಬರುತ್ತಾನೆ. ಈ ನಾಲ್ಕಕ್ಕೆ ಪದ ಬೇಕು: ಹೈಡ್ರಾಲಿಕ್ ಡ್ರೈವ್, ಬೈಪಾಸ್ ವಾಲ್ವ್, ಗಾಳಿ ತೆಗೆಯುವ ಪರ್ಜಿಂಗ್, ಮತ್ತು ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಗಾಡಿ ಮೆಲ್ಲಗೆ ಹೊರಡುವ ಕ್ರೀಪ್.

ಗದಗದಿಂದ, ಸೋಮವಾರ

‘ಜಲಚಾಲಿತ’ ಎಂದು ಮಾತ್ರ ಬರೆಯಬೇಡಿ. ಗ್ರೀಕಿನಲ್ಲಿ ಹುಡೋರ್ ಎಂದರೆ ನೀರು, ಔಲೋಸ್ ಎಂದರೆ ಕೊಳವೆ. ಹೈಡ್ರಾಲಿಕ್ ಹುಟ್ಟಿದ್ದು ಅಲ್ಲಿ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ ನಡೆಯುತ್ತಿದ್ದದ್ದೂ ನೀರಿನಿಂದಲೇ. ಎಣ್ಣೆ ಬಂದದ್ದು ಆಮೇಲೆ, ಹೆಸರು ಮಾತ್ರ ನೀರಿನದೇ ಉಳಿಯಿತು. ಬೋರ್ಡಿನಲ್ಲಿ ‘ಜಲ’ ನೋಡಿ ಯಾರಾದರೂ ಟಾಕಿಗೆ ಒಂದು ಚೊಂಬು ನೀರು ಸುರಿದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಪಂಪು ಕೆಡುತ್ತದೆ.

ಹೈಡ್ರಾಲಿಕ್‌ಗೆ ದ್ರವಚಾಲಿತ. ವಾಲ್ವಿಗೆ ಕವಾಟ, ಹೃದಯದ ಪಾಠದಲ್ಲಿ ಎಲ್ಲರೂ ಓದಿದ್ದೇ. ಬೈಪಾಸ್ ವಾಲ್ವ್ ‘ಉಪಮಾರ್ಗ ಕವಾಟ’. ಮುಗಿಯಿತು.

ಹಾವೇರಿಯಿಂದ, ಮಂಗಳವಾರ

ಮುಗಿಯಲಿಲ್ಲ. ದ್ರವ, ಚಾಲಿತ, ಉಪಮಾರ್ಗ, ಕವಾಟ. ನಾಲ್ಕರಲ್ಲಿ ಒಂದೂ ನಮ್ಮದಲ್ಲ. ಇಂಗ್ಲಿಷ್ ತೆಗೆದು ಸಂಸ್ಕೃತ ತುಂಬಿದರೆ ಅದು ಕನ್ನಡ ಆಗುವುದಿಲ್ಲ.

ವಾಲ್ವಿಗೆ ‘ತೂಬು’ ಇದೆ. ಕೆರೆಯ ನೀರು ಬಿಡುವುದೂ ತಡೆಯುವುದೂ ತೂಬೇ. ಹಳಗನ್ನಡದ ತೂಂಬು. ನಮ್ಮ ಕಡೆ ಕೆರೆ ಏರಿಯ ಮೇಲೆ ನಿಂತು ಕೇಳಿ, ಸಣ್ಣ ಮಕ್ಕಳೂ ತೋರಿಸುತ್ತಾರೆ. ಬೈಪಾಸಿಗೆ ‘ಬಳಸುದಾರಿ’. ಹೈಡ್ರಾಲಿಕ್‌ಗೆ ‘ಎಣ್ಣೆಯೊತ್ತು’ ಎನ್ನಬಹುದಿತ್ತು, ಆದರೆ ಎಣ್ಣೆ ಎಂದರೆ ಎಳ್ + ನೆಯ್, ಎಳ್ಳಿನ ಜಿಡ್ಡು. ನೆಲದಿಂದ ತೆಗೆದ ಜಿಡ್ಡಿಗೆ ಎಳ್ಳಿನ ಹೆಸರು ತಪ್ಪು. ‘ನೆಯ್ಯೊತ್ತು’ ಎಂದೇ ಬರೆಸಿ. ಹೊಸತು ಅನಿಸುತ್ತದೆ, ಬಳಸಿದರೆ ಹಳತಾಗುತ್ತದೆ.

ಹುಬ್ಬಳ್ಳಿಯಿಂದ, ಮಂಗಳವಾರ

ನೆಯ್ಯೊತ್ತು ಬೇಡ. ಶೇಂಗಾ ಎಣ್ಣೆಗೆ, ಸೀಮೆಎಣ್ಣೆಗೆ ಎಳ್ಳು ಸೋಕಿಲ್ಲ, ಆದರೂ ಎಣ್ಣೆಯೇ. ಗ್ರೀಕರ ನೀರು ಎಣ್ಣೆ ಆದ ಹಾಗೆ ನಮ್ಮ ಎಳ್ಳೂ ಎಲ್ಲ ಎಣ್ಣೆ ಆಯಿತು. ಬೇರು ಅಗೆದು ಪದ ಬಿಡುತ್ತ ಹೋದರೆ ಬಾಯಲ್ಲಿ ಮಾತೇ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಟ್ರ್ಯಾಕ್ಟರ್ ರಿಪೇರಿ. ಕೆಲಸದ ಜಾಗದಲ್ಲಿ ಏನು ಅನ್ನುತ್ತಾರೆ ಅಂತ ಹೇಳುತ್ತೇನೆ. ಗಾಳಿ ಸೇರಿದರೆ ‘ಏರ್ ಹಿಡದೈತಿ’, ತೆಗೆಯುವುದಕ್ಕೆ ‘ಏರ್ ತಗಿ’. ಕ್ರೀಪಿಗೆ ‘ತಾನ ಸರೀತೈತಿ’. ಬಲ ಇಲ್ಲದಿದ್ದರೆ ‘ಜಗ್ಗವಲ್ದು’. ವಾಲ್ವಿಗೆ ವಾಲ್ವೇ. ಅವಳಿ ನಗರದಲ್ಲಿ ವಾಲ್ವ್‌ಮನ್ ಗೊತ್ತಿಲ್ಲದ ಮನೆ ಇದೆಯಾ? ಎಷ್ಟೋ ದಿನಕ್ಕೊಮ್ಮೆ ನೀರು ಬಿಡುವವನು ಅವನೇ. ‘ಕವಾಟದವ ಬಂದಾನೇನು’ ಅಂತ ಯಾರೂ ಕೇಳುವುದಿಲ್ಲ. ಬೈಪಾಸೂ ಹಾಗೇ. ನರೇಂದ್ರದಿಂದ ಗಬ್ಬೂರಿನವರೆಗೆ ದಿನಾ ನೋಡುತ್ತೇವೆ. ಲಾರಿ ಊರೊಳಗೆ ಬರದೆ ಹೊರಗಿಂದಲೇ ಹೋಗುತ್ತದೆ. ನಿಮ್ಮ ಗಾಡಿಯಲ್ಲೂ ಅದೇ, ಎಣ್ಣೆ ಮೋಟರಿಗೆ ಬರದೆ ಹೊರಗಿಂದಲೇ ಪಂಪಿಗೆ ತಿರುಗಿ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಪದ ಯಾವುದು?

ಪದಕ್ಕಿಂತ ಮೊದಲು ಬೋರ್ಡಿನಲ್ಲಿ ಒಂದು ಮಾತು ಇರಲಿ. ಗಾಡಿ ಜಗ್ಗದಿದ್ದರೆ ಒಂದೇ ಗಾಲಿಯಾ, ಎರಡೂನಾ ಅಂತ ನೋಡಬೇಕು. ಎರಡೂ ಸೋತಿದ್ದರೆ ಮೊದಲು ಬೆಲ್ಟ್ ನೋಡಿ. ಸವೆದು ನುಣುಪಾಗಿದ್ದರೆ ಜಾರುತ್ತದೆ, ಬಿಗಿ ಹಿಡಿಯುವ ಸ್ಪ್ರಿಂಗ್ ಕಳಚಿರಲೂಬಹುದು. ಒಂದೇ ಕಡೆ ಸೋತಿದ್ದರೆ ಆ ಕಡೆಯ ವಾಲ್ವ್, ಆಮೇಲೆ ಆ ಕಡೆಯ ಪಂಪು. ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ಕಾದ ಮೇಲೆ ಸೋತರೆ ಪಂಪಿನ ಮೇಲಿನ ಫ್ಯಾನಿನ ರೆಕ್ಕೆ ಮುರಿದಿದೆಯಾ, ಸುತ್ತ ಹುಲ್ಲು ತುಂಬಿದೆಯಾ ಅಂತ ನೋಡಿ. ಕಾದ ಎಣ್ಣೆ ತೆಳ್ಳಗಾಗುತ್ತದೆ, ಸವೆದ ಪಂಪಿನ ಸಂದಿಯಲ್ಲಿ ಒಳಗೇ ಸೋರುತ್ತದೆ. ಎರಡು ದಿನ ಸುಮ್ನೆ ಹೋದದ್ದು ಇದನ್ನು ಯಾರೂ ಹೇಳದ್ದಕ್ಕೆ.

ಹಾವೇರಿಯಿಂದ, ಮಂಗಳವಾರ ರಾತ್ರಿ

ಹೆದ್ದಾರಿಯ ಫಲಕದಿಂದ ಕಲಿತದ್ದೆಲ್ಲ ಜನರ ಪದ ಆಗುವುದಿಲ್ಲ. ಮೊದಲು ಹೆಸರುಪದ ಬಿಟ್ಟುಕೊಟ್ಟೆವು. ಈಗ ಕೆಲಸದ ಪದವೂ ಹೋಗುತ್ತಿದೆ. ಕಟ್ ಮಾಡು, ಓಪನ್ ಮಾಡು, ಪುಶ್ ಮಾಡು. ಎಲ್ಲದಕ್ಕೂ ಒಂದು ‘ಮಾಡು’. ಕತ್ತರಿಸು, ಕೊಯ್ಯು, ಸವರು, ಕಡಿ, ಹೆಚ್ಚು: ಇಷ್ಟಿದ್ದ ಮನೆಯಲ್ಲಿ ಈಗ ‘ಕಟ್ ಮಾಡು’ ಒಂದೇ. ಇದು ನನ್ನನ್ನು ನಿಜವಾಗಿ ಸುಡುತ್ತದೆ.

ಹುಬ್ಬಳ್ಳಿಯಿಂದ, ಬುಧವಾರ

ಕೆಲಸದ ಪದದ ಬಗ್ಗೆ ಒಪ್ಪಿದೆ. ಹೆಸರಿನ ಬಗ್ಗೆ ಇಲ್ಲ. ‘ಚಾವಿ’ ಪೋರ್ಚುಗೀಸರದು, ‘ದುರಸ್ತಿ’ ಪಾರಸಿಯದು. ನಮ್ಮ ಅಜ್ಜಿ ಎರಡನ್ನೂ ಕನ್ನಡ ಅಂತಲೇ ಆಡಿದಳು. ಅವಳದು ಕನ್ನಡವೇ.

ಧಾರವಾಡದಿಂದ, ಗುರುವಾರ

ನಿನ್ನೆ ಸಂಜೆ ನಿಮ್ಮ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಶೆಡ್ಡಿಗೆ ಒಯ್ದೆ. ಗಾಡಿ ಓಡಿಸುವವರು ಇಬ್ಬರು. ಒಬ್ಬರು ಕಲಘಟಗಿ ಕಡೆಯ ಹಿರಿಯರು, ನಾವೆಲ್ಲ ಕಾಕಾ ಅನ್ನುತ್ತೇವೆ. ಇನ್ನೊಬ್ಬ ಹಳೇಹುಬ್ಬಳ್ಳಿಯ ಹುಡುಗ.

‘ಉಪಮಾರ್ಗ ಕವಾಟ’ವನ್ನು ಇಬ್ಬರೂ ಓದಿ ಸುಮ್ಮನಾದರು. ‘ಬಳಸುದಾರಿ’ ನೋಡಿ ಹುಡುಗ, ‘ಅಂದ್ರ ಹೆಂಗ ಬಳಸಬೇಕು ಅಂತ ಹೇಳೋದೇನ್ರಿ?’ ಎಂದ. ಬಳಸು ಅಂದರೆ ಸುತ್ತು ಹಾಕು ಎನ್ನುವ ಅರ್ಥ ಅವನಿಗೆ ಹೊಳೆಯಲೇ ಇಲ್ಲ. ತೂಬು ಕಾಕಾಗೆ ತಕ್ಷಣ ತಿಳಿಯಿತು. ಹಾವೇರಿಯವರಿಗೆ ಇದನ್ನು ಹೇಳಲೇಬೇಕು. ಆದರೆ ಮುಂದೆ ಅವರು ಅಂದದ್ದು ಕೇಳಿ: ‘ತೂಬು ಬಿಚ್ಚಿದ್ರ ನೀರು ಗದ್ದಿಗೆ ಹೋಗ್ತೈತಿ. ಹಂಗಾರ ಇದನ್ನ ಬಿಚ್ಚಿದ್ರ ಗಾಡಿ ಹೋಗಬೇಕಲ್ರಿ?’

ಅವತ್ತು ಆದದ್ದು ಇದೇ. ಬಿಚ್ಚಿದರೆ ಎಣ್ಣೆ ಗಾಲಿಗೆ ಹೋಗುತ್ತದೆ ಅಂತ ಅವರು ತಿಳಿದಿದ್ದರು. ನಲ್ಲಿ, ತೂಬು, ಓಣಿಯ ವಾಲ್ವು, ಎಲ್ಲವೂ ಬಿಚ್ಚಿದರೆ ಹರಿಯುತ್ತವೆ, ಇದೊಂದು ಬಿಚ್ಚಿದರೆ ಗಾಲಿ ಬಿಡುತ್ತದೆ. ಗಾಡಿ ನಿಂತಾಗ ಅವರು ಅದನ್ನು ಮುಟ್ಟಿ ನೋಡಿದ್ದರಂತೆ. ಬಿಚ್ಚಿಯೇ ಇದೆ, ಸರಿ ಇದೆ ಅಂತ ಬಿಟ್ಟಿದ್ದರಂತೆ.

ತೊಡಕು ಹೆಸರಿನಲ್ಲಿರಲಿಲ್ಲ. ‘ತೆರೆ’, ‘ಮುಚ್ಚು’ ಎರಡನ್ನೂ ಬೋರ್ಡಿನಿಂದ ತೆಗೆದಿದ್ದೇನೆ. ಗಾಡಿಗೆ ಏನು ಮಾಡಬೇಕೋ ಅದನ್ನೇ ಬರೆಸುತ್ತೇನೆ: ‘ದಬ್ಬುವಾಗ ಸಡಿಲ, ಓಡಿಸುವಾಗ ಬಿಗಿ.’ ಹೀಗೆ ಓದಿ ಹೇಳಿದಾಗ ಕಾಕಾ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಬಿಗಿ ಇದೆಯಾ ಅಂತ ತಾವೇ ನೋಡಿ ಬಂದರು.

ಗದಗದಿಂದ, ಗುರುವಾರ

ತಲೆಬರಹಕ್ಕಾದರೂ ‘ದ್ರವಚಾಲಿತ’ ಇಡಿ.

ಹಾವೇರಿಯಿಂದ, ಗುರುವಾರ

ಬೇಡ. ದಬ್ಬುವಾಗ, ಓಡಿಸುವಾಗ, ಸಡಿಲ, ಬಿಗಿ. ಇವು ಸರಿಯಾಗಿವೆ. ಬೈಪಾಸ್ ವಾಲ್ವ್ ನಾನು ಒಪ್ಪುವುದಿಲ್ಲ.

ಧಾರವಾಡದಿಂದ, ಗುರುವಾರ ರಾತ್ರಿ

ಬೈಪಾಸ್ ವಾಲ್ವ್ ಹಾಗೇ ಇರುತ್ತದೆ, ಪಕ್ಕದಲ್ಲಿ ಕೆಂಪು ಬಣ್ಣದ ಬಾಣ. ಪೇಂಟರ್‌ಗೆ ಕೊಡುವ ಬರಹ ಇದು:

‘ಗಾಡಿ ಜಗ್ಗದಿದ್ದರೆ. ಬೈಪಾಸ್ ವಾಲ್ವ್ ಎರಡೂ ಕಡೆ ನೋಡಿ: ದಬ್ಬುವಾಗ ಸಡಿಲ, ಓಡಿಸುವಾಗ ಬಿಗಿ. ಎರಡೂ ಗಾಲಿ ಸೋತರೆ ಬೆಲ್ಟ್ ನೋಡಿ. ಒಂದೇ ಗಾಲಿ ಸೋತರೆ ಆ ಕಡೆಯ ಪಂಪು. ಕಾದ ಮೇಲೆ ಸೋತರೆ ಇಂಜಿನ್ ನಿಲ್ಲಿಸಿ, ಚಾವಿ ತೆಗೆದು, ಪಂಪಿನ ಸುತ್ತ ಹುಲ್ಲು ತೆಗೆಯಿರಿ. ಗುಂಯ್ ಅಂದರೆ, ಎಣ್ಣೆಯಲ್ಲಿ ನೊರೆ ಇದ್ದರೆ ಗಾಳಿ ತೆಗೆಯಬೇಕು: ಹಿಂದಿನ ಗಾಲಿ ನೆಲ ಬಿಟ್ಟು ಎತ್ತಿ ಗಟ್ಟಿ ನಿಲ್ಲಿಸಿ, ವಾಲ್ವ್ ಸಡಿಲ ಮಾಡಿ ಇಂಜಿನ್ ನಿಧಾನ ಓಡಿಸಿ, ಲಿವರ್ 5-6 ಸಲ ಹಿಂದೆ ಮುಂದೆ, ಬಿಗಿ ಮಾಡಿ ಮತ್ತೆ 5-6 ಸಲ, ಆಮೇಲೆ ಎಣ್ಣೆ ಮಟ್ಟ ನೋಡಿ. ಲಿವರ್ ಬಿಟ್ಟರೂ ಗಾಡಿ ತಾನೇ ಸರಿದರೆ ಓಡಿಸಬೇಡಿ, ತಿಳಿಸಿ. ಸೋರುವ ಪೈಪಿಗೆ ಕೈ ಹಚ್ಚಬೇಡಿ, ರಟ್ಟು ಹಿಡಿದು ನೋಡಿ. ಒತ್ತಡದ ಎಣ್ಣೆ ಚರ್ಮದೊಳಗೆ ಹೋಗುತ್ತದೆ.’

ಗದಗದಿಂದ, ಶುಕ್ರವಾರ ಬೆಳಿಗ್ಗೆ

‘ಜಗ್ಗದಿದ್ದರೆ’ ಎಂದರೆ ಬೆಂಗಳೂರಿನವರು ‘ಬಗ್ಗದಿದ್ದರೆ’ ಎಂದು ಓದುತ್ತಾರೆ. ‘ಎಳೆಯದಿದ್ದರೆ’ ಎನ್ನಿ.

ಧಾರವಾಡದಿಂದ, ಶುಕ್ರವಾರ

ಬೋರ್ಡು ಧಾರವಾಡದ ಶೆಡ್ಡಿನದು, ಸರ್. ‘ಜಗ್ಗದಿದ್ದರೆ’ ಅಂತಲೇ ಪೇಂಟರ್ ಶುರು ಮಾಡಿದ್ದಾನೆ.