ಸಂಬಳ ಕಡಿಮೆ ಆಗಿದೆ, ಮನೇಲಿ ಎರಡು ನಾಯಿ ಇವೆ. ಖರ್ಚು ಎಲ್ಲಿ ಹಿಡಿಯಲಿ?

ಕೆಂಪಿ ಮನೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಒಂದು ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಆರ್ಡರ್ ಕಡಿಮೆ ಅಂತ ಮೂರು ತಿಂಗಳಿಂದ ನನ್ನ ಸಂಬಳ 22,000ದಿಂದ 14,000ಕ್ಕೆ ಇಳಿದಿದೆ. ಬಾಡಿಗೆಯೇ 5,500. ಮನೇಲಿ ನಾನು, ಹೆಂಡತಿ, ಅಮ್ಮ. ಜೊತೆಗೆ ಕೆಂಪಿ ಮತ್ತು ಚುಕ್ಕಿ.

ಕೆಂಪಿಗೆ ಎರಡು ವರ್ಷ. ನಾಡನಾಯಿ, 16 ಕೆಜಿ ಇದ್ದಾಳೆ. ಚುಕ್ಕಿ ಇನ್ನೂ ನಾಲ್ಕು ತಿಂಗಳ ಮರಿ. ಒಂದು ಮಳೆ ದಿನ ನಾಲೆ ಏರಿಯ ಮೇಲೆ ಒಂದೇ ಕೂತು ನಡುಗುತ್ತಿತ್ತು. ಹೆಂಡತಿ ಸೆರಗಲ್ಲಿ ಸುತ್ತಿಕೊಂಡು ಬಂದಳು.

ತಿಂಗಳ ಖರ್ಚು ಹೀಗಿದೆ. ಪ್ಯಾಕೆಟ್ ಫುಡ್ 2,400. ಬಿಸ್ಕತ್ತು, ಅಗಿಯೋ ಕಡ್ಡಿ 500. ಕೆಂಪಿಗೆ ಅಂಗಡಿಯಲ್ಲಿ ಸ್ನಾನ 600. ಶಾಂಪೂ, ಪೌಡರ್ 300. ಒಟ್ಟು 3,800. ಈಗ ಇದು ಆಗುತ್ತಿಲ್ಲ. ಬಾಮೈದ ಬಂದವನು "ಒಂದನ್ನ ಹೈವೇ ಕಡೆ ಬಿಟ್ಟು ಬಾ ಭಾವ, ಹೇಗೋ ಬದುಕಿಕೊಳ್ಳುತ್ತೆ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಡುವ ಮಾತೇ ಇಲ್ಲ. ಆದರೆ ಎಲ್ಲಿ ಉಳಿಸಲಿ ಅಂತ ತಿಳಿಯುತ್ತಿಲ್ಲ. ಕೆಂಪಿಗೆ ಮರಿ ಆಗದ ಆಪರೇಷನ್ ಮಾಡಿಸಬೇಕಿತ್ತು, ಅದನ್ನು ಒಂದು ವರ್ಷ ಮುಂದಕ್ಕೆ ಹಾಕೋಣ ಅಂದುಕೊಂಡಿದ್ದೇನೆ. ಚುಕ್ಕಿಗೆ ಒಂದು ಸೂಜಿ ಆಗಿದೆ, ಎರಡನೇದು ಬಾಕಿ. ಗೊತ್ತಿರುವವರು ದಯವಿಟ್ಟು ಹೇಳಿ.

ಬನ್ನೂರು ಹುಡುಗ:

ಅಣ್ಣ, ಪ್ಯಾಕೆಟ್ ಯಾಕೆ? ನಮ್ಮ ತೋಟದ ಮನೇಲಿ ತಾತನ ಕಾಲದಿಂದ ನಾಯಿಗೆ ಮುದ್ದೆ, ಸಾರು. ಉಳಿದ ಬಸ್ಸಾರು ಕಲಸಿ ಹಾಕಿ. ಗಟ್ಟಿಯಾಗಿರುತ್ತವೆ.

ಟೈಲರ್ ಅಕ್ಕ, ವಿದ್ಯಾರಣ್ಯಪುರಂ:

ತಮ್ಮಾ, ನೀವು ಬರೆದದ್ದು ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಮೈಸೂರಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮದುವೆ ಸೀಸನ್ ಬಿಟ್ಟರೆ ತಿಂಗಳಿಗೆ ಹನ್ನೆರಡು ಸಾವಿರ ಬಂದರೆ ಜಾಸ್ತಿ. ಕರಿಯ, ಗೌರಿ, ಸೋಮು ಅಂತ ಮೂವರು ಇದ್ದಾರೆ. ಮೂವರೂ ಬೀದಿಯಿಂದ ಬಂದವರೇ.

ಮೊದಲು ಆಪರೇಷನ್ ವಿಷಯ. ದಯವಿಟ್ಟು ಅದನ್ನು ಮುಂದಕ್ಕೆ ಹಾಕಬೇಡಿ. ಇವರಿಗಿಂತ ಮುಂಚೆ ನಮ್ಮನೇಲಿ ರಾಣಿ ಅಂತ ಇದ್ದಳು. ಆರು ವರ್ಷ ಸಾಕಿದ್ದೆ. ಪ್ರತಿ ಸಲ ದುಡ್ಡು ಕೈಗೆ ಬಂದಾಗ "ಈ ಹಬ್ಬ ಆಗಲಿ, ಆಮೇಲೆ ಮಾಡಿಸೋಣ" ಅಂತ ತಳ್ಳುತ್ತಾ ಬಂದೆ. ಒಂದು ಸಲ ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಇದ್ದಕ್ಕಿದ್ದಂತೆ ನೀರು ಕುಡಿಯೋಕೆ ಶುರು ಮಾಡಿದಳು. ಬಟ್ಟಲು ಖಾಲಿ ಮಾಡಿ ಬಚ್ಚಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೇಸಿಗೆ ಅಲ್ವಾ, ಸೆಖೆಗೆ ಇರಬೇಕು ಅಂದುಕೊಂಡೆ. ನಾಲ್ಕನೇ ದಿನ ಊಟ ಬಿಟ್ಟಳು, ಹೊಟ್ಟೆ ಊದಿತು. ಗರ್ಭಕೋಶದಲ್ಲಿ ಕೀವು ತುಂಬಿತ್ತು. ಆಪರೇಷನ್ ಮಾಡಿದರು, ಆದರೆ ವಿಷ ಮೈಗೆ ಏರಿಬಿಟ್ಟಿತ್ತು. ಉಳಿಯಲಿಲ್ಲ. ಆರೋಗ್ಯವಾಗಿದ್ದಾಗ ಮಾಡಿಸಿದ್ದರೆ ಆಗುತ್ತಿದ್ದ ದುಡ್ಡಿನ ನಾಲ್ಕು ಪಟ್ಟು ಆ ಮೂರು ದಿನದಲ್ಲಿ ಹೋಯಿತು. ದುಡ್ಡು ಬಿಡಿ, ಅವಳು ಹೋದಳು. ಗೌರಿ ಮನೆಗೆ ಬಂದಾಗ ನಾನು ಕೈಬಳೆ ಅಡ ಇಟ್ಟು ಮೊದಲು ಆಪರೇಷನ್ ಮಾಡಿಸಿದೆ. ಆರು ತಿಂಗಳಲ್ಲಿ ಬಳೆ ಬಿಡಿಸಿಕೊಂಡೆ.

ಚುಕ್ಕಿಯ ಎರಡನೇ ಸೂಜಿಯೂ ಹಾಗೇ. ಅದು ತಪ್ಪಿದರೆ ಪಾರ್ವೋ ಬರಬಹುದು. ರಕ್ತಭೇದಿ, ವಾಂತಿ. ಮರಿಗಳು ಎರಡು-ಮೂರು ದಿನದಲ್ಲೇ ಹೋಗಿಬಿಡುತ್ತವೆ. ಒಂದು ಸೂಜಿಯ ದುಡ್ಡು ಎಲ್ಲಿ, ದಿನಾ ಡ್ರಿಪ್ ಹಾಕಿಸುವ ದುಡ್ಡು ಎಲ್ಲಿ.

ಈಗ ಉಳಿಸುವ ಕಡೆ ಬರುತ್ತೇನೆ. ಕಡ್ಡಿ, ಪೌಡರ್, ಅಂಗಡಿ ಸ್ನಾನ ಇವತ್ತೇ ನಿಲ್ಲಿಸಿ. ನಾಡನಾಯಿಗೆ ಮೂರು ವಾರಕ್ಕೊಂದು ಸ್ನಾನ ಸಾಕು. ಒಂದು ಬಕೆಟ್ ಉಗುರುಬೆಚ್ಚಗಿನ ನೀರು, ನಾಯಿ ಶಾಂಪೂ ಒಂದು ಚಮಚ ನೀರಲ್ಲಿ ಕದಡಿ ಹಾಕಿ. ಒಂದು ಬಾಟಲಿ ನನಗೆ ಮೂವರಿಗೂ ಐದು ತಿಂಗಳು ಬರುತ್ತೆ. ನಾವು ಹಚ್ಚಿಕೊಳ್ಳುವ ಸೋಪು ಮಾತ್ರ ಬೇಡ, ಅವುಗಳ ಚರ್ಮ ಒಣಗಿ ಕೆರೆದುಕೊಳ್ಳುತ್ತವೆ.

ಊಟಕ್ಕೆ ನಾನು ಮಾಡುವುದು ಹೇಳುತ್ತೇನೆ. ವಾರಕ್ಕೆ ಮೂರು ಸಂಜೆ ಕೋಳಿ ಅಂಗಡಿಗೆ ಹೋಗುತ್ತೇನೆ. ಜನ ಬೇಡ ಅಂತ ಬಿಟ್ಟ ಕಾಲು, ಕತ್ತು ಅಗ್ಗಕ್ಕೆ ಸಿಗುತ್ತವೆ. ಸ್ವಲ್ಪ ಲಿವರ್, ಅರ್ಧ ಕೆಜಿ ಮಾಮೂಲಿ ಮಾಂಸವನ್ನೂ ತರುತ್ತೇನೆ. ಬರೀ ಕಾಲಲ್ಲಿ ಮಾಂಸ ಎಲ್ಲಿರುತ್ತೆ? ಉಗುರು ಕತ್ತರಿಸಿ, ತೊಳೆದು, ಕುಕ್ಕರ್‌ಗೆ ಜಾಸ್ತಿ ನೀರು ಹಾಕಿ ಎಂಟು ವಿಷಲ್. ಆರಿದ ಮೇಲೆ ಕೂತು ಕೈಯಲ್ಲೇ ಮಾಂಸ ಬಿಡಿಸುತ್ತೇನೆ. ಮೂಳೆ ಒಂದೂ ಬಿಡುವುದಿಲ್ಲ, ಬೆರಳಲ್ಲಿ ಹಿಚುಕಿ ನೋಡಿ ತೆಗೆಯುತ್ತೇನೆ. ಕಾಲು ಬೆಂದ ನೀರಿದೆಯಲ್ಲ, ಅದನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿರುತ್ತೆ. ಮುಚ್ಚಳ ತೆಗೆದು ಅಲ್ಲಾಡಿಸಿದರೆ ನಡುಗುತ್ತೆ. ಆ ಡಬ್ಬಿ ಸದ್ದಿಗೆ ಸೋಮು ಎಲ್ಲಿದ್ದರೂ ಎದ್ದು ಬರುತ್ತಾನೆ.

ಆ ರಸದಲ್ಲಿ ಅಕ್ಕಿನುಚ್ಚು ಮತ್ತು ರಾಗಿಹಿಟ್ಟು ಬೇಯಿಸುತ್ತೇನೆ. ನುಚ್ಚು ಅಕ್ಕಿಗಿಂತ ಅಗ್ಗ. ರಾಗಿ ಮುದ್ದೆಯಷ್ಟು ಗಟ್ಟಿ ಬೇಡ, ಅಂಬಲಿಗಿಂತ ಸ್ವಲ್ಪ ಗಟ್ಟಿ, ಹಸಿ ವಾಸನೆ ಹೋಗುವ ತನಕ ಕುದಿಸಿ. ಸಿಹಿಗುಂಬಳದ ಹೋಳು, ಕ್ಯಾರೆಟ್, ಒಂದು ಹಿಡಿ ನುಗ್ಗೆಸೊಪ್ಪು. ನುಗ್ಗೆ ಪಕ್ಕದ ಮನೆ ಮರದ್ದು. ಕೊನೆಗೆ ಬಿಡಿಸಿದ ಮಾಂಸ, ಎರಡು ಬೇಯಿಸಿದ ಮೊಟ್ಟೆ. ಉಪ್ಪು, ಖಾರ ಏನೂ ಇಲ್ಲ. ಗೌರಿ 15 ಕೆಜಿ, ಅವಳಿಗೆ ದಿನಕ್ಕೆ ಎರಡು ಹೊತ್ತು ಸೇರಿ 400 ಗ್ರಾಂ ಮೇಲೆ ಚೂರು. ನಿಮ್ಮ ಕೆಂಪಿಗೂ ಹೆಚ್ಚುಕಡಿಮೆ ಅಷ್ಟೇ. ನನಗೆ ಮೂವರ ಊಟ ತಿಂಗಳಿಗೆ 2,200 ದಾಟುವುದಿಲ್ಲ.

ಬನ್ನೂರಿನ ತಮ್ಮ ಹೇಳಿದ ಸಾರು ಮಾತ್ರ ಬೇಡಪ್ಪ. ತಪ್ಪು ತಿಳಿಯಬೇಡ. ಬಸ್ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಅರೆದು ಹಾಕಿರುತ್ತೇವೆ. ಅವೆರಡೂ ನಾಯಿಯ ರಕ್ತ ಕೆಡಿಸುತ್ತವೆ, ಬೇಯಿಸಿದರೂ ಅಷ್ಟೇ. ಮುದ್ದೆ ಹಾಕಿ, ಸಾರು ಬಿಡಿ.

ಹಾಸಿಗೆಗೆ ದುಡ್ಡು ಕೊಡಬೇಡಿ. ನನ್ನ ಹತ್ತಿರ ಬ್ಲೌಸ್ ಪೀಸಿನ ಚೂರು ರಾಶಿ ಇರುತ್ತೆ. 25 ಕೆಜಿ ಅಕ್ಕಿ ಚೀಲಕ್ಕೆ ತುಂಬಿ, ಮೇಲೆ ಹಳೇ ಕಾಟನ್ ಸೀರೆ ಎರಡು ಪದರ ಮಾಡಿ ಹೊಲಿದುಬಿಡುತ್ತೇನೆ. ಒಂದು ಬದಿಗೆ ಗುಂಡಿ ಇಟ್ಟರೆ ಬಿಚ್ಚಿ ಒಗೆಯಬಹುದು. ಕರಿಯ ಮಲಗುವುದು ನಮ್ಮಮ್ಮನ ಇಳಕಲ್ ಸೀರೆ ಮೇಲೆ. ದಸರಾ ಮುಂಚೆ ಫಿರಂಗಿ ಸಿಡಿಸುವ ಕುಶಾಲತೋಪು ತಾಲೀಮು ನಡೆಯುವ ದಿನ ಆ ಹಾಸಿಗೆಯನ್ನು ಬಾಯಲ್ಲಿ ಎಳೆದುಕೊಂಡು ಮಂಚದ ಕೆಳಗೆ ಹೋಗುತ್ತಾನೆ. ಹಬ್ಬ ಮುಗಿಯುವ ತನಕ ಅಲ್ಲೇ ಬಿಟ್ಟಿರುತ್ತೇನೆ.

ಬಾಮೈದನಿಗೆ ಇದನ್ನೂ ಹೇಳಿ. ಸಾಕಿದ ಪ್ರಾಣಿಯನ್ನು ಹಸಿದು ಸಾಯುವ ಹಾಗೆ ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ಪಶು ಆಸ್ಪತ್ರೆ ಕೆಲಸ, ಶ್ರೀರಂಗಪಟ್ಟಣ ಕಡೆ:

ಅಕ್ಕ ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಂದೆರಡು ಸೇರಿಸುತ್ತೇನೆ.

ಈ ಅಡುಗೆ ಕೆಂಪಿಗೆ ಸರಿ. ಚುಕ್ಕಿಗೆ ಈಗಲೇ ಪೂರ್ತಿ ಬದಲಾಯಿಸಬೇಡಿ. ಮರಿ ಬೆಳೆಯುವಾಗ ಮೂಳೆಗೆ ಬೇಕಾದ್ದು ಅಳತೆಯಲ್ಲಿ ಸಿಗಬೇಕು. ಅದಕ್ಕೆ ಮರಿ ಫುಡ್ಡೇ ಕೊಡಿ, ದೊಡ್ಡವಳದ್ದು ನಿಲ್ಲಿಸಿದರೆ ಆ ಖರ್ಚು ತಾನಾಗೇ ಇಳಿಯುತ್ತೆ. ಕೆಂಪಿಗೂ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಾಯಿಸಿ, ಇಲ್ಲವಾದರೆ ಭೇದಿ. ಅನ್ನ, ರಾಗಿಯೇ ಜಾಸ್ತಿ ಆಗಿ ಮಾಂಸ ಕಡಿಮೆ ಆಗಬಾರದು. ಮೂಳೆ ತೆಗೆಯುವುದರಿಂದ ಕ್ಯಾಲ್ಸಿಯಂ ಕಡಿಮೆ ಬೀಳುತ್ತೆ. ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಹಾಕಬಹುದು. ಎಷ್ಟು ಅಂತ ನಿಮ್ಮ ಡಾಕ್ಟರನ್ನು ತೂಕ ಹೇಳಿ ಕೇಳಿ.

ಹಬ್ಬದ ದಿನ ಹುಷಾರು. ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ವಿಷ. ಹೊಸತೊಡಕಿನ ಮಾರನೇ ದಿನ ನಮ್ಮಲ್ಲಿ ಪ್ರತಿ ವರ್ಷ ಇದೇ ಕಥೆ. ಬೇಯಿಸಿದ ಮೂಳೆ ಸೀಳಿ ಗಂಟಲಲ್ಲಿ, ಕರುಳಲ್ಲಿ ಸಿಕ್ಕಿಕೊಂಡ ನಾಯಿಗಳು ಸಾಲಾಗಿ ಬರುತ್ತವೆ. ಜ್ವರ ಅಂತ ನಿಮ್ಮ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಮೈಕೈ ನೋವಿನ ಮಾತ್ರೆ ಯಾವುದೂ ಬೇಡ.

ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಚುಕ್ಕಿಗೆ ಹಾಕಿಸುವ ಹೊತ್ತು ಬಂದಿದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ಮಾಡುತ್ತಾರೆ. ಆದರೆ ಆ ತಾರೀಖಿಗೆ ಕಾಯಬೇಡಿ, ಈಗಲೇ ಹೋಗಿ ವಿಚಾರಿಸಿ. ಕೆಂಪಿ ಬೆದೆ ಮುಗಿದು ಎರಡು-ಮೂರು ತಿಂಗಳಾಗಿದ್ದರೆ ಆಪರೇಷನ್‌ಗೆ ಒಳ್ಳೇ ಸಮಯ.

ಕೆಂಪಿ ಮನೆ, ಮಂಡ್ಯ:

ಅಕ್ಕ, ಅಣ್ಣ, ಹೆಂಡತಿಗೂ ಅಮ್ಮನಿಗೂ ಎಲ್ಲಾ ಓದಿ ಹೇಳಿದೆ. ರಾಣಿ ವಿಷಯಕ್ಕೆ ಅಮ್ಮ ಕಣ್ಣೊರೆಸಿಕೊಂಡರು. ಚುಕ್ಕಿಗೆ ಸೂಜಿ ಇವತ್ತು ಹಾಕಿಸಿ ಬಂದೆ. ಆಪರೇಷನ್‌ಗೆ ಚೀಟಿ ದುಡ್ಡಿಂದ ತೆಗೆಯೋಣ ಅಂತ ಹೆಂಡತಿಯೇ ಹೇಳಿದಳು. ಇನ್ನೊಂದು ಕೇಳಬೇಕು. ಕೆಂಪಿ ಕಿವಿಯಲ್ಲಿ ಉಣ್ಣಿ ಇವೆ. ಕಿತ್ತಷ್ಟೂ ಬರುತ್ತಿವೆ. ಪಕ್ಕದವರು ಹಸುವಿಗೆ ಹಾಕುವ ಔಷಧಿ ಕೊಡುತ್ತೇನೆ ಅಂದರು.

ಪಶು ಆಸ್ಪತ್ರೆ ಕೆಲಸ, ಶ್ರೀರಂಗಪಟ್ಟಣ ಕಡೆ:

ಅದನ್ನು ಅಂದಾಜಿಗೆ ಕಲಸಿ ಹಚ್ಚಬೇಡಿ. ನೆಕ್ಕಿದರೆ ಕಷ್ಟ. ಅವಳ ತೂಕಕ್ಕೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಊಟ ಬಿಟ್ಟಳು, ಮಂಕಾದಳು, ಒಸಡು ಬೆಳ್ಳಗಾಯಿತು, ಮೂಗಲ್ಲಿ ರಕ್ತ ಬಂತು ಅಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಅದು ಉಣ್ಣಿ ಜ್ವರ ಇರಬಹುದು.

ಟೈಲರ್ ಅಕ್ಕ, ವಿದ್ಯಾರಣ್ಯಪುರಂ:

ಔಷಧಿ ಜೊತೆಗೆ ದಿನಾ ಕೈ ಆಡಿಸಿ ತಮ್ಮಾ. ನಾನು ರಾತ್ರಿ ಮಿಷನ್ ಮುಚ್ಚಿದ ಮೇಲೆ, ಮಿಷನ್ ದೀಪದ ಕೆಳಗೆ ಒಬ್ಬೊಬ್ಬರನ್ನೇ ಮಲಗಿಸಿಕೊಳ್ಳುತ್ತೇನೆ. ಕಿವಿ ಮಗುಚಿ ಒಳಮಡಿಕೆ, ಕಾಲಬೆರಳ ಸಂದು, ಕಂಕುಳು, ಬೆಲ್ಟಿನ ಕೆಳಗೆ. ಹುಬ್ಬು ಕೀಳುವ ಚಿಮಟ ಇದೆಯಲ್ಲ, ಅದರಲ್ಲಿ ಉಣ್ಣಿಯನ್ನು ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಬೇಕು. ಕೈಯಲ್ಲಿ ಹಿಸುಕಬಾರದು. ಸೋಪಿನ ನೀರಿನ ಬಟ್ಟಲಿಗೆ ಹಾಕುತ್ತಾ ಹೋಗಿ. ಗೌರಿ ಮೊದಮೊದಲು ಒದ್ದಾಡುತ್ತಿದ್ದಳು. ಈಗ ದೀಪ ಹಚ್ಚಿದರೆ ತಾನೇ ಬಂದು ಕಿವಿ ಕೊಟ್ಟು ಮಲಗುತ್ತಾಳೆ, ಅರ್ಧಕ್ಕೇ ಗೊರಕೆ.

ಗೋಡೆಯನ್ನೂ ನೋಡಿ. ತುಂಬಿದ ಉಣ್ಣಿ ಉದುರಿ ಗೋಡೆ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ಅದಕ್ಕೇ ಕಿತ್ತಷ್ಟೂ ಬರುವುದು. ನಾನು ಒಂದು ಕೆಜಿ ಬಿಳಿ ಸಿಮೆಂಟ್ ತಂದು ನಾಯಿ ಮಲಗುವ ಕೋಣೆಯ ಬಿರುಕೆಲ್ಲ ಮುಚ್ಚಿದೆ. ಮುಂದಿನ ತಿಂಗಳಿಂದಲೇ ಕಡಿಮೆ ಆಯಿತು. ಹಾಸಿಗೆ ಹೊದಿಕೆಯನ್ನು ಕುದಿಯುವ ನೀರಲ್ಲಿ ನೆನೆಸಿ ಒಗೆಯಿರಿ.

ಆಪರೇಷನ್ ಆದಮೇಲೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ. ನಿಮ್ಮದೇ ಹಳೇ ಕಾಟನ್ ಟೀಶರ್ಟ್. ಕತ್ತಿನಲ್ಲಿ ತಲೆ, ತೋಳಲ್ಲಿ ಮುಂದಿನ ಕಾಲು. ಬೆನ್ನಿನ ಮೇಲೆ ಉಳಿದ ಬಟ್ಟೆ ಒಟ್ಟುಮಾಡಿ ಗಂಟು ಹಾಕಿ, ಬಾಲಕ್ಕೆ ತಾಗದ ಹಾಗೆ. ಹೊಲಿಗೆ ಮುಚ್ಚಿರುತ್ತೆ, ನೆಕ್ಕೋಕೆ ಆಗಲ್ಲ. ಎರಡು ಟೀಶರ್ಟ್ ಇದ್ದರೆ ದಿನಾ ಬದಲಾಯಿಸಬಹುದು. ಬಟ್ಟೆ ಹರಿದು ತಿನ್ನುವ ಅಭ್ಯಾಸ ಇದ್ದರೆ ಮಾತ್ರ ಬೇಡ, ಕೋನೇ ತನ್ನಿ.

ಕೆಂಪಿ ಮನೆ, ಮಂಡ್ಯ:

ಐದು ವಾರ ಆಯಿತು, ಹೇಳಲೇಬೇಕು ಅಂತ ಬಂದೆ. ಕೆಂಪಿಗೆ ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ಗಾಯ ಒಣಗಿದೆ, ಶುಕ್ರವಾರ ಹೊಲಿಗೆ ಬಿಚ್ಚುತ್ತಾರೆ. ಆಪರೇಷನ್ ಬಿಟ್ಟು ಈ ತಿಂಗಳ ಖರ್ಚು 1,650. ಅದರಲ್ಲಿ 900 ಚುಕ್ಕಿಯ ಮರಿ ಫುಡ್ಡು. ಕಾಲು ಬಿಡಿಸುವ ಕೆಲಸ ಅಮ್ಮ ತಗೊಂಡಿದ್ದಾರೆ, ನನಗೆ ಕೊಡುವುದಿಲ್ಲ. "ನಿನಗೆ ಮೂಳೆ ಕಾಣಿಸಲ್ಲ" ಅಂತಾರೆ.

ಟೀಶರ್ಟ್ ನಮ್ಮ ಪ್ರೆಸ್ಸಿನವರು ಹಿಂದೆ ಒಂದು ಯುಗಾದಿಗೆ ಕೊಟ್ಟದ್ದು, ನೀಲಿ ಬಣ್ಣ. ಕೆಂಪಿ ಅದನ್ನು ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾಳೆ. ಚುಕ್ಕಿ ಬೆನ್ನಿನ ಗಂಟು ಹಿಡಿದು ಎಳೆಯುತ್ತೆ. ಇವಳು ಗುರ್ ಅಂತಾಳೆ, ಆಮೇಲೆ ತಾನೇ ಅದರ ಮುಖ ನೆಕ್ಕುತ್ತಾಳೆ. ಅಕ್ಕ, ಒಂದು ಕೇಳಲಾ? ಅಕ್ಕಿ ಚೀಲದ ಹಾಸಿಗೆಗೆ ಗುಂಡಿ ಬದಲು ಲಾಡಿ ಕಟ್ಟಿದರೆ ಆಗುತ್ತಾ? ಹೆಂಡತಿ ಇವತ್ತು ರಾತ್ರಿ ಹೊಲಿಯೋಕೆ ಕೂರುತ್ತಾಳಂತೆ.

ಟೈಲರ್ ಅಕ್ಕ, ವಿದ್ಯಾರಣ್ಯಪುರಂ:

ಲಾಡಿ ಬೇಡಪ್ಪ, ಚುಕ್ಕಿ ಅಗಿದು ನುಂಗಿಬಿಟ್ಟರೆ ಕರುಳಿಗೆ ಸುತ್ತಿಕೊಳ್ಳುತ್ತೆ. ಮರಿ ಇರುವ ಮನೆಗೆ ಗುಂಡಿಯೂ ಬೇಡ. ದಿಂಬಿನ ಕವರ್ ಹಾಗೆ ಒಳಕ್ಕೆ ಮಡಚುವ ಬಾಯಿ ಇಟ್ಟು, ಎರಡು ಅಂಚಿಗೂ ಗಟ್ಟಿ ಹೊಲಿಗೆ ಹಾಕಲು ಹೇಳಿ. ಕೂರುವ ಮುಂಚೆ ಸೂಜಿ ಎಷ್ಟಿವೆ ಎಣಿಸಿಕೊಳ್ಳಲಿ, ಏಳುವಾಗ ಇನ್ನೊಂದು ಸಲ ಎಣಿಸಲಿ.